ಪಹಣಿಯ ಒಂಬತ್ತನೇ ಕಾಲಂನಲ್ಲಿ ಅಕ್ಕ ಎಲ್ಲಿ?

ಮಾರ್ಚ್ 8 ಹತ್ತಿರ ಬಂತೆಂದರೆ ನಮ್ಮಲ್ಲಿ ಸ್ತ್ರೀವಾದದ ಚರ್ಚೆ ಕಾವೇರುತ್ತದೆ. ಜಾಹೀರಾತಿನ ಗಂಡ ಪಾತ್ರೆ ತೊಳೆದದ್ದು ಸಾಕೋ, ಇನ್ನೂ ತೊಳೆಯಬೇಕೋ? ಮದುವೆಯಾದ ಮೇಲೆ ಹೆಸರಿನ ಬಾಲ ಬದಲಿಸಬೇಕೋ ಬೇಡವೋ? ಕನ್ಯಾದಾನ ಎನ್ನುವುದು ಸರಿಯೇ? ಎದುರು ಪಾಳೆಯದವರು 'ಸಮಾನತೆ ಎಂದೋ ಬಂದಾಗಿದೆ, ಈಗ ನಡೆಯುತ್ತಿರುವುದೆಲ್ಲ ಕಾನೂನಿನ ದುರುಪಯೋಗ' ಎಂದು ಅಷ್ಟೇ ಜೋರಾಗಿ ಕೂಗುತ್ತಾರೆ. ಇಬ್ಬರೂ ಸೇರಿ ಮುಟ್ಟದೆ ಬಿಡುವ ವಿಷಯ ಒಂದಿದೆ. ಅಪ್ಪನ ಹೊಲದಲ್ಲಿ ಮಗಳ ಪಾಲು.

ಇಂದಿನ ಸ್ತ್ರೀವಾದದ ಬಗ್ಗೆ ನನ್ನ ತಕರಾರು ಇಲ್ಲೇ ಇದೆ. ಅದರ ಗುರಿಯ ಮೇಲೆ ನನಗೆ ಜಗಳವಿಲ್ಲ. ಆದರೆ ಹಿಂದಿನ ತಲೆಮಾರಿನ ಹೆಂಗಸರು ಗೆದ್ದು ಕಾನೂನಿನ ಪುಸ್ತಕದಲ್ಲಿ ಬರೆಸಿಟ್ಟ ಹಕ್ಕು ಇಪ್ಪತ್ತು ವರ್ಷಗಳಿಂದ ತಾಲ್ಲೂಕು ಕಚೇರಿಯಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದೊಂದೇ ಸಹಿಯಾಗಿ ಸೋರಿಹೋಗುತ್ತಿದೆ, ಅದರ ಬಗ್ಗೆ ಉಸಿರೆತ್ತುವವರು ಬೆರಳೆಣಿಕೆಯಷ್ಟು. ಕಾರಣ ಊಹಿಸುವುದು ಕಷ್ಟವಲ್ಲ. ಜಾಹೀರಾತಿನ ಕಂಪನಿಯ ಮೇಲೆ ರೇಗುವುದು ಸುಲಭ. ಸ್ವಂತ ಅಣ್ಣನ ಎದುರು ಕೂತು 'ನನ್ನ ಹಿಸ್ಸೆ ಎಷ್ಟು' ಎಂದು ಕೇಳುವುದು ಅಷ್ಟು ಸುಲಭವಲ್ಲ.

ಸಹಿ ಬೀಳುವ ಕಾಗದದ ಹೆಸರು ಹಕ್ಕು ಖುಲಾಸೆ ಪತ್ರ. ಕೆಲವೆಡೆ ಹಕ್ಕು ಬಿಡುಗಡೆ ಪತ್ರ ಎನ್ನುತ್ತಾರೆ, ಆಡುಮಾತಿನಲ್ಲಿ ಬರೀ 'ರಿಲೀಸ್ ಡೀಡ್'. ಅಪ್ಪ ತೀರಿಕೊಂಡು ವರ್ಷವಾದ ಮೇಲೆ, ಇಲ್ಲವೇ ಜಮೀನಿಗೆ ಗಿರಾಕಿ ಬಂದಾಗ, ಅಥವಾ ಬ್ಯಾಂಕು ಸಾಲಕ್ಕೆ ಎಲ್ಲ ವಾರಸುದಾರರ ಸಹಿ ಕೇಳಿದಾಗ ಫೋನು ಬರುತ್ತದೆ: 'ಅಕ್ಕಾ, ಒಂದು ಸಹಿ ಅಷ್ಟೇ. ಬೆಳಗ್ಗೆ ಬಂದರೆ ಮಧ್ಯಾಹ್ನ ಊಟ ಮುಗಿಸಿ ಹೋಗಬಹುದು.' ಪತ್ರ ಬರಹಗಾರರ ಬಳಿ ಅದರ ಒಕ್ಕಣೆ ಸಿದ್ಧವೇ ಇರುತ್ತದೆ, ಹೆಸರು, ಸರ್ವೆ ನಂಬರು, ಚಕ್ಕುಬಂದಿ ತುಂಬಿದರೆ ಮುಗಿಯಿತು. ಅದರಲ್ಲಿ ಮೂರು ಸಾಲುಗಳು ತಪ್ಪದೆ ಇರುತ್ತವೆ. ಮೊದಲನೆಯದು, ನನ್ನ ಮದುವೆಯನ್ನು ಕುಟುಂಬದ ಖರ್ಚಿನಲ್ಲಿ ಚೆನ್ನಾಗಿ ಮಾಡಿಕೊಟ್ಟಿದ್ದಾರೆ ಎಂಬುದು. ಎರಡನೆಯದು, ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿ ನನಗೆ ನಗದಾಗಿ ಮುಟ್ಟಿದೆ ಎಂಬುದು. ಮೂರನೆಯದು, ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ, ಪೂರ್ಣ ತಿಳುವಳಿಕೆಯಿಂದ ಸಹಿ ಮಾಡಿದ್ದೇನೆ ಎಂಬುದು. ಎಷ್ಟೋ ಸಲ ಎರಡನೇ ಸಾಲಿನ ಹಣ ಕಾಗದದಲ್ಲಿ ಮಾತ್ರ ಮುಟ್ಟಿರುತ್ತದೆ. ಆದರೆ ನೋಂದಣಿಯಾದ ಪತ್ರದಲ್ಲಿ 'ಮುಟ್ಟಿದೆ' ಎಂದು ಒಪ್ಪಿ ಹೆಬ್ಬೆಟ್ಟು, ಫೋಟೋ ಎರಡನ್ನೂ ಕೊಟ್ಟ ಮೇಲೆ ಮುಟ್ಟಿಲ್ಲ ಎಂದು ಸಾಬೀತು ಮಾಡುವ ಹೊರೆ ಅವಳದೇ.

ಸರ್ಕಾರವೂ ಈ ದಾರಿಯನ್ನು ಅಗ್ಗವಾಗಿಟ್ಟಿದೆ. ಕ್ರಯಪತ್ರಕ್ಕಾದರೆ ಆಸ್ತಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ. ಕುಟುಂಬದೊಳಗಿನ ಹಕ್ಕು ಬಿಡುಗಡೆಗೆ ಹಾಗಿಲ್ಲ, ನಿಗದಿಯಾದ ಸಣ್ಣ ಮೊತ್ತ ಸಾಕು. ಕೋಟಿ ಬಾಳುವ ಹಕ್ಕು ಕೈಬದಲಾಗಲು ಸಾವಿರಗಳ ಲೆಕ್ಕದ ಖರ್ಚು.

ಇಷ್ಟು ಸಲೀಸಾಗಿ ಬಿಟ್ಟುಕೊಡುವ ಹಕ್ಕು ಬಂದದ್ದು ಮಾತ್ರ ಸಲೀಸಾಗಿ ಅಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನ ವೇಳೆ ಒಂದಿಷ್ಟು ಜಾಗ ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾ ವಿಧವೆಯರಿಗಾಗಿ ಅಂಥ ಕಾಯ್ದೆ ತಂದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದ ವಿಷಯಕ್ಕೆ ಬಂದಾಗ ಮಾತ್ರ ಗಂಡುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರೆಂದು ಹಾಗೇ ಉಳಿಸಿಕೊಂಡಿತು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಇದನ್ನು ತಿದ್ದಿದವು. ಕರ್ನಾಟಕದ ತಿದ್ದುಪಡಿ 30 ಜುಲೈ 1994ರಂದು ಜಾರಿಗೆ ಬಂತು, ಆದರೆ ಆ ದಿನಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಎಷ್ಟೋ ಮನೆಗಳಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ವಿಚಿತ್ರ ಸ್ಥಿತಿ. ಕಾನೂನು ಆಯೋಗ 2000ರಲ್ಲಿ ತನ್ನ 174ನೇ ವರದಿ ಕೊಟ್ಟಿತು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಮತ್ತು ಮಹಿಳಾ ಸಂಘಟನೆಗಳು ಪಟ್ಟುಹಿಡಿದು ಓಡಾಡಿದರು. ಆಮೇಲೆ ಬಂದದ್ದು 9 ಸೆಪ್ಟೆಂಬರ್ 2005ರಿಂದ ಜಾರಿಯಾದ ಕೇಂದ್ರ ತಿದ್ದುಪಡಿ. ಮದುವೆಯಾಗಿರಲಿ, ಆಗದಿರಲಿ, ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಕೃಷಿ ಜಮೀನನ್ನು ಆಯಾ ರಾಜ್ಯದ ಗೇಣಿ ಕಾನೂನುಗಳ ನೆಪದಲ್ಲಿ ಹೊರಗಿಟ್ಟಿದ್ದ 4(2) ಕಲಮನ್ನು ತೆಗೆದುಹಾಕಿದ್ದು ಅದರ ದೊಡ್ಡ ಗೆಲುವು. ಹಳ್ಳಿಯ ಹೆಣ್ಣುಮಗಳಿಗೆ ಆಸ್ತಿ ಎಂದರೆ ಹೊಲವೇ ತಾನೇ?

ವ್ಯತ್ಯಾಸ ಎಷ್ಟೆಂದು ಗುಂಟೆ ಲೆಕ್ಕದಲ್ಲೇ ನೋಡೋಣ. ತಾಯಿ ಮೊದಲೇ ತೀರಿಕೊಂಡ ಮನೆ, ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆರು ಎಕರೆ ಪಿತ್ರಾರ್ಜಿತ, ಅಂದರೆ 240 ಗುಂಟೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರು ಎಂದಿಟ್ಟುಕೊಳ್ಳಿ. 1956ರ ಲೆಕ್ಕದಲ್ಲಿ ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಪಾಲು, ತಲಾ 80 ಗುಂಟೆ. ಆಮೇಲೆ ಅಪ್ಪನ 80 ಗುಂಟೆಯನ್ನು ಮೂವರು ಮಕ್ಕಳಿಗೂ ಹಂಚಬೇಕು. ಮಗಳಿಗೆ ಬರುವುದು 26 ಗುಂಟೆ ಮತ್ತು ಇನ್ನೊಂದರ ಮೂರನೇ ಎರಡು ಭಾಗ, ಒಬ್ಬೊಬ್ಬ ಮಗನಿಗೆ ಅದರ ನಾಲ್ಕು ಪಟ್ಟು. ಈಗಿನ ಲೆಕ್ಕದಲ್ಲಿ ಮಗಳೂ ಸೇರಿ ಮೊದಲೇ ನಾಲ್ಕು ಪಾಲು, ತಲಾ 60 ಗುಂಟೆ. ಅಪ್ಪನ 60ರಲ್ಲಿ ಮೂವರಿಗೂ 20. ಹೀಗೆ ಪ್ರತಿಯೊಬ್ಬರಿಗೂ ಎರಡೆರಡು ಎಕರೆ. 'ಹೆಣ್ಣುಮಕ್ಕಳಿಗೆ ಮೊದಲಿಂದಲೂ ಪಾಲು ಇತ್ತಲ್ಲ' ಎನ್ನುವವರು ಈ 26 ಗುಂಟೆಗೂ 80 ಗುಂಟೆಗೂ ಇರುವ ಅಂತರವನ್ನು ಮರೆಯುತ್ತಾರೆ.

2005ರ ನಂತರವೂ ಹದಿನೈದು ವರ್ಷ ಗೊಂದಲದಲ್ಲೇ ಹೋಯಿತು, ಅದರ ಮುಖ್ಯ ಪ್ರಕರಣಗಳು ಕರ್ನಾಟಕದಿಂದಲೇ ಹೋದವು. ಬೆಳಗಾವಿಯ ಫುಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, 9 ಸೆಪ್ಟೆಂಬರ್ 2005ರಂದು ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದಿತು. ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, 2001ರಲ್ಲೇ ತೀರಿಕೊಂಡಿದ್ದ ಅಪ್ಪನ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಕೆಳಗಿನ ಕೋರ್ಟುಗಳು ಯಾವುದನ್ನು ಹಿಡಿಯಬೇಕು? 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ತೆರೆ ಎಳೆಯಿತು. ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ಅಪ್ಪ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. 20 ಡಿಸೆಂಬರ್ 2004ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. 'ನಾವು ಬಾಯಿಮಾತಲ್ಲೇ ಪಾಲಾಗಿದ್ದೆವು' ಎಂಬ ವಾದಕ್ಕೆ ಸರ್ಕಾರಿ ದಾಖಲೆಗಳ ಬಲವಾದ ಆಧಾರ ಬೇಕು. ಈ ವಾದ ಎಲ್ಲ ತಾಲ್ಲೂಕಿನಲ್ಲೂ ಬರುತ್ತದೆ, ಹಾಗಾಗಿ ನೆನಪಿಡಬೇಕಾದ ಮಾತು ಇದು.

ಇಷ್ಟಾದರೂ ಮಗಳ ಹೆಸರು ಬಿಟ್ಟುಹೋಗುವುದು ಕೋರ್ಟಿನಲ್ಲಲ್ಲ, ಅದಕ್ಕೂ ಬಹಳ ಮೊದಲು ವಂಶವೃಕ್ಷದಲ್ಲಿ. ಖಾತೆದಾರ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ನಾಡಕಚೇರಿಯಲ್ಲಿ ಅರ್ಜಿ ಹಾಕುತ್ತಾರೆ. ಮರಣ ಪ್ರಮಾಣಪತ್ರ, ಪಹಣಿ (ಜಮೀನಿನ ಕಂದಾಯ ದಾಖಲೆ), ಆಧಾರ್, ಜೊತೆಗೆ ವಂಶವೃಕ್ಷ. ವಂಶವೃಕ್ಷಕ್ಕೆ ಆಧಾರ ಅರ್ಜಿದಾರನ ಪ್ರಮಾಣಪತ್ರ ಮತ್ತು ಊರವರ ಹೇಳಿಕೆ. ಅರ್ಜಿದಾರ ಸಾಮಾನ್ಯವಾಗಿ ಊರಲ್ಲೇ ಉಳಿದ ಮಗ, ಹೇಳಿಕೆ ಕೊಡುವವರು ಅವನ ಅಕ್ಕಪಕ್ಕದವರು. 'ಹೆಣ್ಣುಮಕ್ಕಳು ಮದುವೆಯಾಗಿ ಹೋದರಲ್ಲ ಸಾರ್' ಎನ್ನುವ ಮಾತಿಗೆ ಹೆಸರೇ ಬಿಟ್ಟುಹೋಗುತ್ತದೆ. ಇನ್ನು ಕೆಲವರು ಹೆಸರು ಬರೆದು ಪಕ್ಕದಲ್ಲಿ 'ವಿವಾಹಿತೆ' ಎಂದು ಸೇರಿಸುತ್ತಾರೆ, ಅದೇನೋ ಅನರ್ಹತೆ ಎಂಬಂತೆ. ಆ ಮೇಲೆ ಆಕ್ಷೇಪಣೆಗೆ ನೋಟಿಸು ಹೊರಡುತ್ತದೆ, ಚಾವಡಿಯ ಗೋಡೆಗೆ ಅಂಟಿಸುತ್ತಾರೆ. ನೂರು ಕಿಲೋಮೀಟರ್ ಆಚೆ ಗಂಡನ ಮನೆಯಲ್ಲಿರುವವಳಿಗೆ ಆ ಗೋಡೆ ಕಾಣುವುದು ಹೇಗೆ? ವಂಶವೃಕ್ಷದಲ್ಲೇ ಹೆಸರಿಲ್ಲದಿದ್ದರೆ ನೋಟಿಸು ಅವಳ ವಿಳಾಸಕ್ಕೆ ಹೋಗುವ ಪ್ರಶ್ನೆಯೂ ಇಲ್ಲ. ಅವಧಿ ಮುಗಿದು, ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ, ಪಹಣಿಯ ಒಂಬತ್ತನೇ ಕಾಲಂನಲ್ಲಿ ಗಂಡುಮಕ್ಕಳ ಹೆಸರು ಕೂರುತ್ತದೆ.

ಈಗ ರಾಜ್ಯದಲ್ಲಿ ಇ-ಪೌತಿ ಆಂದೋಲನ ನಡೆದಿದೆ. ತೀರಿಹೋದವರ ಹೆಸರಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ತರುವ ಕೆಲಸ. ಬೇಕಾದದ್ದೇ. ಆದರೆ ಒಂದು ತಲೆಮಾರಿನ ಹೆಣ್ಣುಮಕ್ಕಳ ಹೆಸರು ದಾಖಲೆಗೆ ಸೇರುವುದೂ ಬಿಟ್ಟುಹೋಗುವುದೂ ಇಂಥ ಹೊತ್ತಿನಲ್ಲೇ. ಇದರ ಬಗ್ಗೆ ಎಷ್ಟು ಮಹಿಳಾ ಸಂಘಟನೆಗಳು ಹೋಬಳಿ ಮಟ್ಟದಲ್ಲಿ ಕೂತು ಅರ್ಜಿ ನೋಡುತ್ತಿವೆ? ನನಗಂತೂ ಆ ಸದ್ದು ಕೇಳಿಸುತ್ತಿಲ್ಲ.

ತನ್ನ ಹೆಸರು ಇದೆಯೋ ಇಲ್ಲವೋ ನೋಡಲು ಮಗಳು ಯಾರನ್ನೂ ಕೇಳಬೇಕಾಗಿಲ್ಲ. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಹಾಕಿದರೆ ಪಹಣಿ ಕಾಣುತ್ತದೆ. ಒಂಬತ್ತನೇ ಕಾಲಂ ಸ್ವಾಧೀನದಾರರದು, ಹನ್ನೊಂದನೆಯದು ಸಾಲ ಮತ್ತು ಇತರೆ ಹಕ್ಕು ಋಣಗಳದು, ಹನ್ನೆರಡನೆಯದು ಸಾಗುವಳಿಯದು. ಹೆಸರು ಬದಲಾಗಿದ್ದರೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆ ಹಿಡಿದು ಮ್ಯುಟೇಶನ್ ಪ್ರತಿ ತೆಗೆಯಬೇಕು, ಯಾವ ಆಧಾರದ ಮೇಲೆ ಬದಲಾಯಿತೆಂದು ಅದರಲ್ಲಿರುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದರೆ ಆ ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಖುಲಾಸೆ, ವಿಭಾಗ ಪತ್ರಗಳೆಲ್ಲ ಪಟ್ಟಿಯಾಗಿ ಬರುತ್ತವೆ. ತಪ್ಪು ಮ್ಯುಟೇಶನ್ ವಿರುದ್ಧ ಭೂಕಂದಾಯ ಕಾಯ್ದೆಯ 136(2)ರ ಅಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಮಗಳೇ ಅಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಶಾಲೆಯ ವರ್ಗಾವಣೆ ಪತ್ರ, ಹಳೆಯ ರೇಷನ್ ಕಾರ್ಡು, ಮದುವೆಯ ಲಗ್ನಪತ್ರಿಕೆ ಸಾಕ್ಷ್ಯವಾಗುತ್ತವೆ. 'ನಮ್ಮ ಜ್ಯೇಷ್ಠ ಪುತ್ರಿ' ಎಂದು ಅಪ್ಪನೇ ಅಚ್ಚು ಹಾಕಿಸಿದ ಕಾರ್ಡನ್ನು ಅಟ್ಟದಿಂದ ಹುಡುಕಿ ತೆಗೆದವರು ಬೇಕಾದಷ್ಟು ಮಂದಿ.

ಒಂದು ಸಮಾಧಾನವಿದೆ. ಪಹಣಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಪಹಣಿ ಕಂದಾಯದ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಆದರೆ ದಿನನಿತ್ಯದ ಬದುಕು ನಡೆಯುವುದು ಪಹಣಿಯ ಮೇಲೆಯೇ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಪಿಎಂ ಕಿಸಾನ್‌ನ ವರ್ಷಕ್ಕೆ 6000 ರೂಪಾಯಿ, ಎಲ್ಲವೂ ಆ ಹೆಸರನ್ನೇ ಕೇಳುತ್ತವೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ಸುಮಾರು 14 ಶೇಕಡಾ. ಕಳೆ ಕೀಳುವವರು, ನಾಟಿ ಮಾಡುವವರು, ಹಸು ನೋಡಿಕೊಳ್ಳುವವರು ಯಾರೆಂದು ಊರಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ತಮಾಷೆ ನೋಡಿ: 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಹಿರಿಯ ಹೆಂಗಸು, ಗೃಹಲಕ್ಷ್ಮಿಯ 2000 ರೂಪಾಯಿ ಬರುವುದೂ ಮನೆಯ ಯಜಮಾನಿಗೆ. ಅದೇ ಮನೆಯ ಪಹಣಿಯಲ್ಲಿ ಯಜಮಾನಿಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಅಕ್ಕಿಗೆ ಒಡತಿ, ಭತ್ತದ ಗದ್ದೆಗಲ್ಲ.

ಹಾಗಾದರೆ ಓದುಬರಹ ಬಲ್ಲ, ನೌಕರಿಯಲ್ಲಿರುವ ಹೆಣ್ಣುಮಕ್ಕಳೂ ಖುಲಾಸೆ ಪತ್ರಕ್ಕೆ ಸಹಿ ಹಾಕುವುದೇಕೆ? 'ಅರಿವಿನ ಕೊರತೆ' ಎಂದು ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಅವರಲ್ಲಿ ಬಹಳ ಮಂದಿಗೆ ಕಾನೂನು ಗೊತ್ತು. ಅವರು ಮಾಡುವುದು ಒಂದು ಲೆಕ್ಕಾಚಾರ. ಗಂಡನ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಕು, ಅದು ತವರು. ಗೌರಿ ಹಬ್ಬದ ಬಾಗಿನ, ಪಂಚಮಿಗೆ ಕರೆಯಲು ಬರುವ ಅಣ್ಣ, ಬಾಣಂತನ, ಮಗಳ ಮದುವೆಗೆ ಸೋದರಮಾವ ನಿಲ್ಲುವುದು, ಇದೆಲ್ಲ ಎರಡು ಎಕರೆಯ ಎದುರು ತೂಗುತ್ತದೆ. ಪಾಲು ಕೇಳಿದ ದಿನದಿಂದ ಆ ಬಾಗಿಲು ಮುಚ್ಚುತ್ತದೆ ಎಂಬುದು ಅವಳ ಅಕ್ಕಪಕ್ಕದ ಮನೆಗಳಲ್ಲೇ ನಡೆದದ್ದು. ಭೂಮಿ ಬಿಟ್ಟು ಸಂಬಂಧ ಉಳಿಸಿಕೊಳ್ಳುವುದು ಅವಳ ಮಟ್ಟಿಗೆ ವಿಮೆಯ ಕಂತು.

ಈ ವಿಮೆ ಕೆಲಸ ಮಾಡುತ್ತದೆಯೇ? ಅಣ್ಣ ಇರುವವರೆಗೆ ಮಾಡೀತು. ಅವನ ಮಕ್ಕಳ ಕಾಲಕ್ಕೆ ಅತ್ತೆಯ ನೆನಪು ಲಗ್ನಪತ್ರಿಕೆ ಹಂಚುವಾಗ ಮಾತ್ರ.

ಇಲ್ಲೇ ಇಂದಿನ ಸ್ತ್ರೀವಾದದ ಒಂದು ಮುಖ್ಯ ಕೊರತೆ ನನಗೆ ಕಾಣುವುದು. ಅದಕ್ಕೆ 'ಆಯ್ಕೆ' ಎಂಬ ಮಾತು ಬಹಳ ಪ್ರಿಯ. ಹೆಣ್ಣು ತಾನೇ ಆರಿಸಿಕೊಂಡದ್ದೆಲ್ಲ ಸರಿ, ಪ್ರಶ್ನಿಸಬಾರದು. ನೌಕರಿ ಬಿಟ್ಟರೂ ಆಯ್ಕೆ, ಹೆಸರು ಬದಲಿಸಿಕೊಂಡರೂ ಆಯ್ಕೆ. ಖುಲಾಸೆ ಪತ್ರದ ಮೂರನೇ ಸಾಲು ಹೇಳುವುದೂ ಅದನ್ನೇ, ಯಾರ ಒತ್ತಾಯವೂ ಇಲ್ಲ, ಸ್ವಇಚ್ಛೆ. ಅಣ್ಣ ಕತ್ತು ಹಿಡಿದು ಕರೆದುಕೊಂಡು ಹೋಗಿರುವುದಿಲ್ಲ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಸೀರೆ ಉಡುಗೊರೆ ಕೊಟ್ಟು ಕಳಿಸಿರುತ್ತಾನೆ. ಆಯ್ಕೆಯನ್ನೇ ಕೊನೆಯ ಅಳತೆಗೋಲು ಮಾಡಿಕೊಂಡ ವಾದಕ್ಕೆ ಈ ಸಹಿಯಲ್ಲಿ ತಪ್ಪು ಕಾಣಿಸುವುದೇ ಇಲ್ಲ. ಬೇಡ ಎಂದರೆ ಏನು ಕಳೆದುಕೊಳ್ಳಬೇಕಾಗುತ್ತಿತ್ತು ಎಂದು ಕೇಳದೆ ಆಯ್ಕೆಯ ಮಾತಾಡಿ ಪ್ರಯೋಜನವಿಲ್ಲ.

ಇನ್ನೊಂದು ಮುಜುಗರದ ಸತ್ಯ. ನಾದಿನಿಗೆ ಪಾಲು ಕೊಡುವುದನ್ನು ಬಲವಾಗಿ ವಿರೋಧಿಸುವವರಲ್ಲಿ ಅತ್ತಿಗೆಯೂ ಇರುತ್ತಾಳೆ. ಅವಳು ತನ್ನ ತವರಿನಲ್ಲಿ ಸಹಿ ಹಾಕಿ ಬಂದವಳು, ಅಲ್ಲಿ ಕಳೆದದ್ದನ್ನು ಇಲ್ಲಿ ಗಂಡನ ಪಾಲಿನಲ್ಲಿ ಕಾಯುತ್ತಿದ್ದಾಳೆ. ಅವಳನ್ನು 'ಹೆಣ್ಣಿಗೆ ಹೆಣ್ಣೇ ಶತ್ರು' ಎಂದು ಹೀಗಳೆಯುವುದು ಸೋಮಾರಿತನ. ಎಲ್ಲ ಮನೆಗಳಲ್ಲೂ ಒಟ್ಟಿಗೆ ಪಾಲು ಹಂಚಿಕೆಯಾದರೆ ಅತ್ತಿಗೆಗೆ ನಷ್ಟವಿಲ್ಲ, ಅವಳ ಪಾಲೂ ತವರಿನಿಂದ ಬರುತ್ತದೆ. ಒಂದು ಮನೆಯಲ್ಲಿ ಮಾತ್ರ ಆದರೆ ಅವಳಿಗೇ ಹೊಡೆತ.

ಅಣ್ಣಂದಿರ ದೂರನ್ನೂ ಸ್ತ್ರೀವಾದಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದೂ ತಪ್ಪು. 'ಮದುವೆಗೆ ಚಿನ್ನ ಹಾಕಿದ್ದೇವಲ್ಲ' ಎಂಬುದು ಪೊಳ್ಳು ವಾದ. ವರದಕ್ಷಿಣೆ 1961ರಿಂದ ನಿಷಿದ್ಧ, ಅಪರಾಧವಾದ ಖರ್ಚನ್ನು ಪಾಲಿನಲ್ಲಿ ಕಳೆಯುವುದು ಹೇಗೆ? ಅದೂ ಅಲ್ಲದೆ ಗಂಡುಮಗನ ಮದುವೆ, ಇಂಜಿನಿಯರಿಂಗ್ ಫೀಸು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಊರಲ್ಲೇ ಉಳಿದ ತಮ್ಮ ಮೂರು ಬೋರು ಕೊರೆಸಿ ಎರಡು ಒಣಗಿ ಒಂದರಲ್ಲಿ ನೀರು ಬಿದ್ದು, ಆ ನೀರಲ್ಲಿ ಅಡಿಕೆ ಎಬ್ಬಿಸಿದ್ದರೆ, ಸೊಸೈಟಿ ಸಾಲ ಅವನ ತಲೆಯ ಮೇಲಿದ್ದರೆ, ಹಾಸಿಗೆ ಹಿಡಿದ ಅಪ್ಪನನ್ನು ಅವನೂ ಅವನ ಹೆಂಡತಿಯೂ ನೋಡಿಕೊಂಡಿದ್ದರೆ, ಅವನು ಕೇಳುವ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕಾನೂನು ಕೊಟ್ಟಿದೆ ಕೂಡ. 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಎಂದ ಕಲಮಿನಲ್ಲೇ ಮಗನಷ್ಟೇ ಹೊಣೆ ಎಂದೂ ಹೇಳಿದೆ. ಕುಟುಂಬದ ಅಗತ್ಯಕ್ಕೆ ಮಾಡಿದ ಸಾಲ ಅವಳ ಪಾಲಿಗೂ ಬರುತ್ತದೆ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗಳೂ ಸೇರಿ. ಪಾಲು ಬೇಕು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಮಾತ್ರ ಅಣ್ಣನದು ಎನ್ನುವ ಸಮಾನತೆ ನನಗೆ ಸಮಾನತೆಯಂತೆ ಕಾಣುವುದಿಲ್ಲ.

ಕೋರ್ಟಿಗೆ ಹೋಗದೆ ಇದನ್ನು ಬಗೆಹರಿಸುವ ದಾರಿ ಇದೆ. ಮೊದಲು ಎಲ್ಲ ಆಸ್ತಿಯ ಪಟ್ಟಿ ಮಾಡಿ ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು ಎಂದು ಬೇರ್ಪಡಿಸುವುದು. ಎರಡನೆಯದಾಗಿ ಸಾಲಗಳ ಪಟ್ಟಿ, ಯಾವುದು ಮನೆಗಾಗಿ ಮಾಡಿದ್ದು, ಯಾವುದು ಒಬ್ಬನ ಸ್ವಂತಕ್ಕೆ ಎಂದು. ಬೋರು, ಪೈಪು, ತೋಟದ ಬೆಲೆ ಕಟ್ಟುವಾಗ ಬರಿ ನೆಲದ ಬೆಲೆ ಬೇರೆ, ಅಭಿವೃದ್ಧಿಯ ಬೆಲೆ ಬೇರೆ ಬರೆದಿಡಬೇಕು. ತೋಟವಿರುವ ತುಂಡು ಅದನ್ನು ಎಬ್ಬಿಸಿದವನಿಗೇ ಹೋಗಲಿ, ಅಕ್ಕನಿಗೆ ಬೇರೆ ತುಂಡು, ಇಲ್ಲವೇ ನೆಲದ ಬೆಲೆಯ ಲೆಕ್ಕದಲ್ಲಿ ಹಣ. ಕೈಯಲ್ಲಿ ಹಣವಿಲ್ಲದಿದ್ದರೆ ಕಂತು ಮಾಡಿಕೊಳ್ಳಬಹುದು, ಆದರೆ ಕಂತು ತೀರುವವರೆಗೆ ಆ ಜಮೀನಿನ ಮೇಲೆ ಅವಳ ಹಣದ ಋಣಭಾರ ಇದೆ ಎಂದು ವಿಭಾಗ ಪತ್ರದಲ್ಲೇ ಬರೆಸಬೇಕು. ಬಾಯಿಮಾತಿನ ಕಂತು ಎರಡನೆಯದಕ್ಕೇ ನಿಲ್ಲುತ್ತದೆ. ಭಾಗವಾಗುವ ಸರ್ವೆ ನಂಬರಿಗೆ 11ಇ ನಕ್ಷೆ (ತುಂಡುಗಳನ್ನು ಗುರುತಿಸುವ ಅಳತೆ ನಕ್ಷೆ) ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಸಿ, ಆಮೇಲೆ ಪೋಡಿ, ಅಂದರೆ ತುಂಡುಗಳನ್ನು ದಾಖಲೆಯಲ್ಲಿ ಬೇರ್ಪಡಿಸುವುದು. ನೋಟರಿ ಸೀಲು ಹಾಕಿಸಿದ ಪಾಲುಪಟ್ಟಿ ನಂಬಿ ಕೂತರೆ ಇಪ್ಪತ್ತು ವರ್ಷದ ನಂತರ ಮಕ್ಕಳು ಹೊಡೆದಾಡುತ್ತಾರೆ.

ಮಾತುಕತೆ ಮುರಿದರೆ ಉಳಿಯುವುದು ವಿಭಾಗದ ದಾವೆ. ಖರ್ಚಿನ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು. ಕರ್ನಾಟಕ ಕೋರ್ಟು ಶುಲ್ಕ ಕಾಯ್ದೆ 1958ರ 35(2)ರ ಪ್ರಕಾರ, ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ದಾವೆ ಹಾಕುವವರಿಗೆ ಕೋರ್ಟು ಶುಲ್ಕ ಗರಿಷ್ಠ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ಬರೆದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಹಾಗಾಗಿ ದಾವೆಯ ಆ ಒಂದು ಸಾಲನ್ನು ವಕೀಲರ ಜೊತೆ ಕೂತು ನೋಡಬೇಕು. ದಾವೆ ಬಿದ್ದುಹೋಗುವುದಕ್ಕೆ ಸಾಮಾನ್ಯ ಕಾರಣ ಎರಡು: ಒಬ್ಬ ಪಾಲುದಾರರನ್ನು, ಹೆಚ್ಚಾಗಿ ಇನ್ನೊಬ್ಬ ಸೋದರಿಯನ್ನೋ ತೀರಿಹೋದ ಸೋದರಿಯ ಮಕ್ಕಳನ್ನೋ, ಸೇರಿಸದೆ ಬಿಡುವುದು, ಮತ್ತು ಕುಟುಂಬದ ಒಂದು ಆಸ್ತಿಯನ್ನು ಪಟ್ಟಿಯಿಂದ ಬಿಡುವುದು. ದಾವೆಯ ಜೊತೆಗೇ ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳಿ, ಸಿಕ್ಕರೆ ಅದನ್ನು ಪಹಣಿಯ ಹನ್ನೊಂದನೇ ಕಾಲಂಗೆ ಹತ್ತಿಸಬೇಕು.

ಅವಧಿಯ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಪಾಲಿನಿಂದ ಹೊರಗಿಟ್ಟಿದ್ದಾರೆ ಎಂದು ಗೊತ್ತಾದಂದಿನಿಂದ ದಾವೆಗೆ 12 ವರ್ಷ. ಆದರೆ ತಾನೇ ಸಹಿ ಮಾಡಿದ ಖುಲಾಸೆ ಪತ್ರವನ್ನು ಮೋಸವೆಂದೋ ಬಲವಂತವೆಂದೋ ರದ್ದು ಮಾಡಿಸಲು, ಸಂಗತಿ ತಿಳಿದಂದಿನಿಂದ ಬರೀ 3 ವರ್ಷ. ಸಹಿ ಹಾಕದವಳಿಗೆ ಸಿಗುವ ಕಾಲ ಸಹಿ ಹಾಕಿದವಳಿಗಿಲ್ಲ. ಗೆದ್ದರೂ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅದು ಪಾಲು ಎಷ್ಟೆಂದು ಹೇಳುತ್ತದೆಯೇ ಹೊರತು ಯಾವ ತುಂಡೆಂದು ಹೇಳುವುದಿಲ್ಲ. ಅಂತಿಮ ಡಿಕ್ರಿ ಬೇರೆ, ಕಂದಾಯ ಜಮೀನಾದರೆ ಅಳತೆಗೆ ಕಂದಾಯ ಇಲಾಖೆಗೇ ಹೋಗುತ್ತದೆ. ಪ್ರಾಥಮಿಕ ಡಿಕ್ರಿ ಹಿಡಿದುಕೊಂಡೇ ತೀರಿಹೋದ ಹೆಂಗಸರಿದ್ದಾರೆ. ಪ್ರತ್ಯೇಕ ಅರ್ಜಿಗೆ ಕಾಯದೆ ಅಂತಿಮ ಡಿಕ್ರಿಯ ವಿಚಾರಣೆ ಮುಂದುವರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ವಿಚಾರಣಾ ನ್ಯಾಯಾಲಯಗಳಿಗೆ ಹೇಳಿದೆ.

ಈ ಹಕ್ಕಿನ ಹೊರಗೇ ಉಳಿದವರೂ ಇದ್ದಾರೆ. 1956ರ ಕಾಯ್ದೆಯ 2(2) ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಅದು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ನಾಯಕ ಸಮುದಾಯದ ಹೆಣ್ಣುಮಗಳು ಪಾಲು ಕೇಳಿದರೆ ಈ ಕಲಮನ್ನೇ ಅವಳ ಮುಂದೆ ಹಿಡಿಯುತ್ತಾರೆ. ನಮ್ಮ ಕುಟುಂಬ ಹಿಂದೂ ಪದ್ಧತಿಯನ್ನೇ ಅನುಸರಿಸುತ್ತಿದೆ ಎಂದು ಸಾಕ್ಷ್ಯ ಕೊಟ್ಟು ಸಾಬೀತು ಮಾಡುವ ಹೊರೆ ಅವಳ ಮೇಲೆ. ಈ ತಾರತಮ್ಯ ಸರಿಪಡಿಸುವುದನ್ನು ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ಸಿನಿಮಾ ಪೋಸ್ಟರಿನ ಬಗ್ಗೆ ಎದ್ದಷ್ಟು ಗದ್ದಲ ಇದರ ಬಗ್ಗೆ ಎದ್ದಿಲ್ಲ.

ನಗರದ, ಸಂಬಳದ, ಸ್ವಂತ ಫ್ಲಾಟಿನ ಹೆಣ್ಣುಮಕ್ಕಳು ಇದೆಲ್ಲ ಹಳ್ಳಿಯ ಸಮಸ್ಯೆ ಎಂದುಕೊಂಡಿದ್ದರೆ ಅದೇ ಕಾಯ್ದೆಯ 15ನೇ ಕಲಮು ಓದಬೇಕು. ವಿಲ್ ಬರೆಯದೆ ತೀರಿಕೊಂಡ ಹಿಂದೂ ಹೆಂಗಸಿನ ಸ್ವಂತ ಸಂಪಾದನೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಅವಳನ್ನು ಹೆತ್ತ ಅಪ್ಪ ಅಮ್ಮನಿಗೆ. ಗಂಡಸಿನ ಆಸ್ತಿಗೆ ಇಂಥ ನಿಯಮವಿಲ್ಲ, ಅವನದು ಹೆಂಡತಿಯ ತವರಿಗೆ ಹೋಗುವುದಿಲ್ಲ. ನಾರಾಯಣಿ ದೇವಿ ಎಂಬಾಕೆ ಮದುವೆಯಾದ ಕೆಲವೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರದೂಡಿಸಿಕೊಂಡು, ತವರಿನಲ್ಲಿ ಓದಿ ನೌಕರಿ ಮಾಡಿ ಕೂಡಿಟ್ಟದ್ದನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಅದೇ ಗಂಡನ ಮನೆಯವರಿಗೆ ಕೊಟ್ಟಿತು. ಕಲಮು ಹಾಗಿದೆ, ಅನುಕಂಪದಿಂದ ಅದನ್ನು ಬದಲಿಸಲಾಗದು ಎಂಬುದು ಕಾರಣ. ಅದನ್ನು ತಿದ್ದಿ ಎಂದು ಕಾನೂನು ಆಯೋಗ 2008ರಲ್ಲೇ 207ನೇ ವರದಿಯಲ್ಲಿ ಹೇಳಿತ್ತು.

ಸಂಸತ್ತು ತಿದ್ದುವವರೆಗೆ ಕಾಯಬೇಕಾಗಿಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪ್ರತಿ ಪುಟಕ್ಕೂ ಸಹಿ, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ, ಅವರಿಬ್ಬರೂ ಆಕೆ ಸಹಿ ಹಾಕುವುದನ್ನು ಕಣ್ಣಾರೆ ನೋಡಿರಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿದರೆ ಮುಂದೆ ಅನುಮಾನಕ್ಕೆ ದಾರಿ. ಮುಂದೆ ವಿಲ್ ಕೋರ್ಟಿಗೆ ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ನುಡಿಯಬೇಕಾಗುತ್ತದೆ, ಆದ್ದರಿಂದ ತನಗಿಂತ ಚಿಕ್ಕ ವಯಸ್ಸಿನವರನ್ನೇ ಸಾಕ್ಷಿಗೆ ಕರೆಯಬೇಕು.